ಗಡಿನಾಡಿನ ಮಗು ಅಕ್ಷರ ತಿದ್ದುವಾಗ

ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ ಚಿಂತಾಕಿ ಎಂಬ ಊರೊಂದುಂಟು. ಕರ್ನಾಟಕದ ಭೂಪಟದಲ್ಲಿ ಅದನ್ನು ಕಾಣಬೇಕಾದರೆ ಬೆರಳನ್ನು ಬಡಗಣ ತುದಿಯವರೆಗೂ ಒಯ್ಯಬೇಕು. ಒಂದು ಮಗ್ಗುಲಿಗೆ ತೆಲಂಗಾಣ, ಇನ್ನೊಂದು ಮಗ್ಗುಲಿಗೆ ಸ್ವಲ್ಪ ದೂರದಲ್ಲಿ ಮಹಾರಾಷ್ಟ್ರ. ಈ ಸೀಮೆಯ ಯಾವ ಸಂತೆಯಲ್ಲಿ ನಿಂತು ಕಿವಿಗೊಟ್ಟರೂ ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು, ತಾಂಡಾಗಳಿಂದ ಬಂದವರ ಲಂಬಾಣಿ ಮಾತು ಎಲ್ಲವೂ ಒಂದರೊಳಗೊಂದು ಬೆರೆತು ಕೇಳಿಬರುತ್ತವೆ. ತೊಗರಿ ಮಾರುವವನು ಒಂದು ಭಾಷೆಯಲ್ಲಿ ಬೆಲೆ ಹೇಳಿದರೆ ಕೊಳ್ಳುವವನು ಇನ್ನೊಂದರಲ್ಲಿ ಚೌಕಾಶಿ ಮಾಡುತ್ತಾನೆ. ವ್ಯವಹಾರಕ್ಕೆ ಯಾವ ಅಡಚಣೆಯೂ ಇಲ್ಲ.

ಆದರೆ ಇದೇ ಊರಿನ ಐದು ವರ್ಷದ ಮಗು ಪಾಟಿ ಹಿಡಿದು ಶಾಲೆಯ ಮೆಟ್ಟಿಲು ಹತ್ತಿದಾಗ ಕಥೆ ಬೇರೆಯಾಗುತ್ತದೆ. ಮಾತು ಬೆರೆಯುವಷ್ಟು ಸುಲಭವಾಗಿ ಲಿಪಿಗಳು ಬೆರೆಯುವುದಿಲ್ಲ. ಮರಾಠಿಯ ಅಕ್ಷರಗಳು ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳಂತೆ ಒಂದು ಅಡ್ಡಗೆರೆಯಿಂದ ಜೋತುಬಿದ್ದಿವೆ. ಉರ್ದುವಿನ ಬರಹ ಬಲದಿಂದ ಎಡಕ್ಕೆ ಹರಿಯುತ್ತದೆ. ತೆಲುಗು ನಮ್ಮ ಲಿಪಿಯ ಒಡಹುಟ್ಟು. ಹಲವು ಅಕ್ಷರಗಳು ಅವಳಿಜವಳಿಗಳಂತಿದ್ದು, ತಲೆಯ ಮೇಲಿನ ಗೀಟು ಮಾತ್ರ ಬೇರೆ. ಇವುಗಳ ನಡುವೆ ಇಂಗ್ಲಿಷಿನ ಫಲಕಗಳೂ ಉಂಟು. ಇಷ್ಟನ್ನೂ ದಿನವೂ ಕಾಣುವ ಮಗುವಿಗೆ, 'ಇದು ಕನ್ನಡದ ಅಕಾರ, ಹೀಗೆ ತಿದ್ದು' ಎಂದು ಹೇಳಿಕೊಡಬೇಕಾಗಿದೆ. ಮನೆಗೆ ಹೋದರೆ ಕೇಳಿಸುವ ಮಾತು ಕನ್ನಡವೇ ಆಗಿರಬೇಕೆಂಬ ನಿಯಮವೂ ಇಲ್ಲ.

ಇದು ದೂರದ ಊರಿನ ಸಮಾಚಾರ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇರುವ ನಮಗೇಕೆ ಎಂದು ವಾಚಕರು ಕೇಳಬಹುದು. ನಿಮ್ಮ ಮನೆಯ ಕೂಸೂ ಬೆಳಗ್ಗೆ ಇಂಗ್ಲಿಷ್ ಅಕ್ಷರ, ಮಧ್ಯಾಹ್ನ ಹಿಂದಿ, ಸಂಜೆ ಅಜ್ಜಿಯ ಮಡಿಲಲ್ಲಿ ಕನ್ನಡ ಕಲಿಯುತ್ತಿದೆಯಲ್ಲವೆ? ನಗರದ ಮಗುವೂ ಗಡಿನಾಡಿನ ಮಗುವೇ. ಅದರ ಗಡಿ ನಡುಮನೆಯಲ್ಲಿದೆ, ಅಷ್ಟೆ.

ಹೊರಗೆ ಉರ್ದು, ಒಳಗೆ ಕನ್ನಡ

ಬೀದರ ಸೀಮೆಯಲ್ಲಿ ಕನ್ನಡ ಅಕ್ಷರ ಕಲಿಯುವುದು ಒಂದು ಕಾಲಕ್ಕೆ ಧೈರ್ಯದ ಕೆಲಸವೇ ಆಗಿತ್ತು. ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ವಿದ್ಯೆಯ ಭಾಷೆಯೂ ಬಹುಮಟ್ಟಿಗೆ ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಕೂಡ ಉರ್ದುವಿನಲ್ಲಿಯೇ ಪಾಠ ಹೇಳುತ್ತಿತ್ತು. ಆ ಕಾಲದಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಡೆಸಿದ ಶಾಲೆಯ ಸಂಗತಿ ಆ ಕಡೆಯ ಮನೆಮನೆಯಲ್ಲಿಯೂ ಗೊತ್ತು: ಬಾಗಿಲ ಮೇಲೆ ಉರ್ದು ಫಲಕ, ಒಳಗೆ ಕನ್ನಡ ಪಾಠ. ಅಧಿಕಾರಿಗಳ ಕಣ್ಣಿಗೆ ಒಂದು ಲಿಪಿ, ಮಕ್ಕಳ ಬೆರಳಿಗೆ ಇನ್ನೊಂದು. ಕಮಲನಗರದಲ್ಲಿ ಹುಟ್ಟಿ, ನೂರಕ್ಕೂ ಮಿಕ್ಕಿದ ತುಂಬು ಬಾಳು ಬಾಳಿ 1999ರಲ್ಲಿ ಲಿಂಗೈಕ್ಯರಾದ ಈ ಮಠಾಧಿಪತಿಗಳನ್ನು ಆ ಜಿಲ್ಲೆಯ ಜನ ಇಂದಿಗೂ ನೆನೆಯುವುದು ಮಠದ ವೈಭವಕ್ಕಾಗಿ ಅಲ್ಲ, ಅಕ್ಷರಕ್ಕಾಗಿ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಬಂದಿತು. ಫಲಕವನ್ನು ಮರೆಮಾಡುವ ಅಗತ್ಯ ಅಲ್ಲಿಗೆ ಮುಗಿಯಿತು. ಆದರೆ ಅಕ್ಷರವಿಲ್ಲದೆ ಬೆಳೆದ ತಲೆಮಾರೊಂದು ತನ್ನ ಮಕ್ಕಳಿಗೆ ಏನನ್ನು ತಿದ್ದಿಸೀತು? 2011ರ ಜನಗಣತಿಯ ವೇಳೆಗೂ ರಾಜ್ಯದಲ್ಲಿ ನೂರಕ್ಕೆ 75 ಮಂದಿ ಸಾಕ್ಷರರಿದ್ದರೆ ಬೀದರ ಜಿಲ್ಲೆಯಲ್ಲಿ 70ರ ಸುಮಾರಿಗಿದ್ದರು. ಮನೆಯಲ್ಲಿ ಓದು ಬಲ್ಲವರು ಇಲ್ಲದ ಮಗುವಿಗೆ ಶಾಲೆಯ ಮೊದಲ ಎರಡು ವರ್ಷಗಳೇ ಸರ್ವಸ್ವ. ಆಗ ಕೈತಪ್ಪಿದ ಅಕ್ಷರವನ್ನು ಮೂರನೆಯ ತರಗತಿಯಲ್ಲಿ ಯಾರೂ ತಿರುಗಿ ಹೇಳಿಕೊಡುವುದಿಲ್ಲ. ಅಲ್ಲಿ ಆಗಲೇ ಲೆಕ್ಕ, ಪರಿಸರ ಎಂದು ಪುಸ್ತಕಗಳ ಸಾಲೇ ಕಾದಿರುತ್ತದೆ. ಮಗು ಬಾಯಿಪಾಠದ ಮರೆಯಲ್ಲಿ ಅವಿತುಕೊಂಡು ದಿನ ನೂಕುತ್ತದೆ. ಪುಟ ತೆರೆದು ಗಿಣಿಯಂತೆ ಒಪ್ಪಿಸುವ ಮಗುವಿಗೆ, ಅದೇ ಪುಟದ ನಡುವಿನ ಒಂದು ಪದವನ್ನು ಬೊಟ್ಟಿಟ್ಟು ತೋರಿಸಿದರೆ ಓದಲಾಗದು. ಈ ಪರೀಕ್ಷೆಯನ್ನು ಓದಿದ ತಂದೆತಾಯಿಗಳ ಮನೆಯಲ್ಲಿಯೂ ಒಮ್ಮೆ ಮಾಡಿ ನೋಡುವುದು ಲೇಸು.

ಮೊದಲು ಕಿವಿ

ಅಕ್ಷರ ಕಲಿಸಬೇಕೆಂದೊಡನೆ ನಾವು ಬಳಪಕ್ಕೆ ಕೈಹಾಕುತ್ತೇವೆ. ಅದಕ್ಕೆ ಮುಂಚೆ ಕಿವಿಯ ಕೆಲಸವೊಂದಿದೆ. 'ತೊಗರಿ' ಎಂಬ ಪದವನ್ನು ಚಪ್ಪಾಳೆ ತಟ್ಟುತ್ತ ಹೇಳಿಸಿ: ತೊ, ಗ, ರಿ. ಮೂರು ಚಪ್ಪಾಳೆ. 'ಜೋಳ' ಎಂದರೆ ಎರಡು. ಈ ಆಟ ಬಂದ ಮಗು ಮಾತು ಎಂಬುದು ತುಂಡುಗಳಿಂದ ಕೂಡಿದ್ದೆಂದು ತಾನಾಗಿ ಕಂಡುಕೊಳ್ಳುತ್ತದೆ. ಆಮೇಲೆ 'ಉದ್ದು ಯಾವ ಸದ್ದಿನಿಂದ ಮೊದಲಾಗುತ್ತದೆ? ಹೆಸರು ಯಾವುದರಿಂದ?' ಎಂದು ಕೇಳಬಹುದು. ಇದಕ್ಕೆ ಪುಸ್ತಕ ಬೇಡ, ಪಾಟಿ ಬೇಡ. ಕಾಳು ಹಸನು ಮಾಡುತ್ತಲೇ ಆಡಬಹುದಾದ ಆಟ.

ಈ ವಿಷಯದಲ್ಲಿ ನಮ್ಮ ಭಾಷೆ ಮಕ್ಕಳ ಪಾಲಿಗೆ ಬಹಳ ಉದಾರಿ. ನಮ್ಮಲ್ಲಿ ಅಕ್ಷರದ ಹೆಸರೂ ಅದರ ಉಲಿಯೂ ಒಂದೇ. ಮ ಎಂಬುದರ ಹೆಸರು 'ಮ', ರ ಎಂಬುದರ ಹೆಸರು 'ರ'. ಎರಡನ್ನೂ ಬೇಗ ಬೇಗ ಹೇಳಿದರೆ 'ಮರ' ತಾನೇ ಹುಟ್ಟುತ್ತದೆ. ಇಂಗ್ಲಿಷಿನ ಮಗುವಿಗೆ ಈ ಭಾಗ್ಯವಿಲ್ಲ. 'ಸಿ, ಎ, ಟಿ' ಎಂದು ಎಷ್ಟು ಬೇಗ ಹೇಳಿದರೂ ಅದು 'ಕ್ಯಾಟ್' ಆಗದು. ಉರ್ದುವಿನ ಅಲಿಫ್, ಬೇ, ಪೇಗಳ ಪಾಡೂ ಹೆಚ್ಚುಕಡಿಮೆ ಅಷ್ಟೆ. ಇಷ್ಟು ಸರಳವಾದ ಒಂದು ಅನುಕೂಲವನ್ನು ನಾವು ಹಾಳುಮಾಡಿಕೊಳ್ಳುವ ಬಗೆಯೂ ಒಂದುಂಟು. 'ಅ ಅಂದರೆ ಅರಸ, ಇ ಅಂದರೆ ಇಲಿ' ಎಂದು ಒಂದೇ ಉಸಿರಿನಲ್ಲಿ ಹಾಡಿಸುತ್ತೇವೆ. ಮಗು ಹಾಡನ್ನು ಕಲಿಯುತ್ತದೆ, ಅಕ್ಷರವನ್ನಲ್ಲ. ಇಕಾರವನ್ನು ಕಂಡೊಡನೆ 'ಇಲಿ' ಎಂದೇ ಓದುತ್ತದೆ. ಇನ್ನು ಗೋಡೆಗೆ ತೂಗುಹಾಕುವ ಚಿತ್ರಪಟಗಳಲ್ಲಿ ಋಷಿ, ಔಷಧಗಳು ಹೇಗೋ ದೊರಕುತ್ತವೆ. ಙ, ಞಗಳ ಮುಂದೆ ಚಿತ್ರಕಾರ ಏನು ಬರೆಯಬೇಕೋ ತಿಳಿಯದೆ ಕೈಕಟ್ಟಿ ಕುಳಿತಂತೆ ಕಾಣುತ್ತದೆ. ಆ ಎರಡು ಅಕ್ಷರಗಳಿಗಾಗಿ ಮಗುವಿನ ನಿದ್ದೆಗೆಡಿಸುವ ಅಗತ್ಯ ಮೊದಲ ವರ್ಷದಲ್ಲಿ ಏನೂ ಇಲ್ಲ.

ಗಡಿನಾಡಿನ ಕಿವಿಗೆ ಅದರದೇ ಆದ ಬಲವೂ ಬಲಹೀನತೆಯೂ ಉಂಟು. ನಮ್ಮ ದಕ್ಷಿಣದ ಮಕ್ಕಳಿಗೆ ಮಹಾಪ್ರಾಣಗಳೆಂದರೆ ಕಷ್ಟ. ಖ, ಘ, ಭಗಳನ್ನು ಮೇಷ್ಟರ ಭಯಕ್ಕಾಗಿ ಉಸಿರೊತ್ತಿ ಹೇಳಿ, ಶಾಲೆಯ ಗೇಟು ದಾಟಿದೊಡನೆ ಬಿಟ್ಟುಬಿಡುತ್ತಾರೆ. ಔರಾದಿನ ಮಗು ಹುಟ್ಟಿದಂದಿನಿಂದ 'ಖಾನಾ, ಘರ್, ಭಾಜಿ' ಎಂಬ ಮಾತುಗಳನ್ನು ಕೇಳಿ ಬೆಳೆದದ್ದು. ಅದಕ್ಕೆ ಈ ಉಲಿಗಳು ಮನೆಯ ನೆಂಟರಿದ್ದಂತೆ. ಆದರೆ ಮರಾಠಿ ಬರಹದಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಉರ್ದುವಿನಲ್ಲಿ ಳಕಾರವೂ ಇಲ್ಲ. ಆದುದರಿಂದ ಮರಾಠಿ ಮನೆಯ ಮಗುವಿಗೆ 'ಕೆರೆ'ಗೂ 'ಕೇರೆ'ಗೂ, 'ಕೊಡು'ವಿಗೂ 'ಕೋಡು'ವಿಗೂ ಇರುವ ಅಂತರ, ಉರ್ದು ಮನೆಯ ಮಗುವಿಗೆ 'ಹುಲಿ'ಗೂ 'ಹುಳಿ'ಗೂ ಇರುವ ಅಂತರ ಕಿವಿಯಲ್ಲಿ ನೆಲೆಗೊಳ್ಳಬೇಕು. 'ಬೆಳೆ ಬಂತು, ಬೆಲೆ ಬರಲಿಲ್ಲ' ಎಂಬ ಒಂದು ವಾಕ್ಯ ಸಾಕು. ಒಕ್ಕಲುತನದ ಮನೆಯ ಮಗುವಿಗೆ ಲಕಾರ-ಳಕಾರಗಳ ಭೇದ ಅದರಿಂದ ತಿಳಿಯುವಷ್ಟು ಯಾವ ವ್ಯಾಕರಣದಿಂದಲೂ ತಿಳಿಯದು. ಕಿವಿ ಈ ಭೇದವನ್ನು ಹಿಡಿಯದೆ ಕೈಯಿಂದ ಮಾತ್ರ ಎರಡು ಬೇರೆ ಅಕ್ಷರ ಬರೆಯಿಸಿದರೆ, ಅದು ಚಿತ್ರಕಲೆಯಾದೀತೇ ಹೊರತು ಬರವಣಿಗೆಯಾಗದು.

ಆಮೇಲೆ ಬೆರಳು

'ತಿದ್ದು' ಎಂಬುದು ಎಷ್ಟು ಅರ್ಥವತ್ತಾದ ಮಾತು! ಬರೆದದ್ದರ ಮೇಲೆ ಬೆರಳಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಹಿಂದಿನ ಕೂಲಿಮಠಗಳಲ್ಲಿ ಐಗಳು ಮರಳು ಹರವಿ ಅದರ ಮೇಲೆ ಅಕ್ಷರ ಬರೆದು ಮಗುವಿನ ತೋರುಬೆರಳು ಹಿಡಿದು ತಿದ್ದಿಸುತ್ತಿದ್ದರು. ಬೆರಳಿನೊಡನೆ ಬಾಯಿಯೂ ಆ ಅಕ್ಷರವನ್ನು ಹೇಳಲೇಬೇಕು; ಇಲ್ಲವಾದರೆ ಐಗಳ ಬೆತ್ತ ಮಾತಾಡುತ್ತಿತ್ತು. ಬೆತ್ತವನ್ನು ಬಿಟ್ಟು ಉಳಿದುದನ್ನು ನಾವು ಇಟ್ಟುಕೊಳ್ಳಬಹುದಿತ್ತು. ನಾವು ಮರಳನ್ನೇ ಬಿಟ್ಟೆವು.

ಈ ಮರಳಿನ ವಿದ್ಯೆ ಸಮುದ್ರ ದಾಟಿದ ಕಥೆ ಸ್ವಾರಸ್ಯವಾಗಿದೆ. ಮದರಾಸಿನ ಎಗ್ಮೂರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಶಾಲೆಗೆ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮೇಲ್ವಿಚಾರಕನಾಗಿದ್ದನು. ದಾರಿಯಲ್ಲಿ ಹೋಗುವಾಗ ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ನೆಲದ ಮೇಲೆ ಕುಳಿತು ಮರಳಿನಲ್ಲಿ ಬೆರಳಿಂದ ಬರೆಯುತ್ತಿದ್ದುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನು ಆರಂಭಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಆತ ಪ್ರಕಟಿಸಿದ ವರದಿಯಿಂದ ಅದು 'ಮದರಾಸು ಪದ್ಧತಿ' ಎಂದು ಹೆಸರಾಗಿ, ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ತಟ್ಟೆಗಳು ಬಂದವು. ಮುಂದೆ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸರಿ ಮರಳುಕಾಗದದಿಂದ ಅಕ್ಷರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸಿದರು. ಮಗು ಕಣ್ಣಿನಿಂದ ನೋಡಿ, ಬೆರಳಿನಿಂದ ಸವರಿ, ಬಾಯಿಂದ ಉಲಿಯಬೇಕು. ಮೂರೂ ಒಂದೇ ಗಳಿಗೆಯಲ್ಲಿ. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲಿಯೇ ಕಳೆದು ಇಲ್ಲಿನ ಉಪಾಧ್ಯಾಯರಿಗೆ ಪಾಠ ಹೇಳಿದರು. ನಮ್ಮ ಮರಳು ಹೀಗೆ ಮರಳುಕಾಗದವನ್ನು ನಮ್ಮಲ್ಲಿಯೇ ಸಂಧಿಸಿತು! ಈಗ ನಗರದ ಅಂಗಡಿಗಳಲ್ಲಿ ಅಂತಹ ಅಕ್ಷರದ ಪೆಟ್ಟಿಗೆಗಳಿಗೆ ಸಾಕಷ್ಟು ಬೆಲೆ ತೆರಬೇಕಾಗುತ್ತದೆ.

ಬೆಲೆ ತೆರಲೇಬೇಕೆಂದಿಲ್ಲ. ಬೀದರ ಸೀಮೆಯ ಯಾವ ಮನೆಯಲ್ಲಿಯೂ ದಿನವೂ ಜೋಳದ ರೊಟ್ಟಿ ಬಡಿಯುತ್ತಾರೆ. ಪರಾತದಲ್ಲಿ ಉಳಿದ ಹಿಟ್ಟನ್ನು ತೆಳ್ಳಗೆ ಹರವಿದರೆ ಅದಕ್ಕಿಂತ ಒಳ್ಳೆಯ ಪಾಟಿ ಯಾವುದು? ತಾಯಿ ಒಂದು ಅಕ್ಷರವನ್ನು ಅಂಗೈಯಗಲ ಬರೆದು ತೋರಿಸಬೇಕು. ಮಗು ಅದರ ಮೇಲೆಯೇ ಬೆರಳಾಡಿಸುತ್ತ 'ರ... ರ...' ಎನ್ನಬೇಕು. ಆಮೇಲೆ ಪರಾತವನ್ನು ಅಲ್ಲಾಡಿಸಿದರೆ ಅಕ್ಷರ ಮಾಯ. ಈಗ ನೆನಪಿನಿಂದ ಬರೆಯಬೇಕು. ತಪ್ಪಿದರೂ ಗುರುತು ಉಳಿಯುವುದಿಲ್ಲ, ಕೆಂಪು ಗೀಟು ಬೀಳುವುದಿಲ್ಲ. ಹಿಟ್ಟಿನ ಗುಣವೇ ಅದು. ಗಿರಣಿಯ ಹಿಟ್ಟು ಚೆಲ್ಲಿತೆಂದು ಅತ್ತೆಯವರು ಗೊಣಗಿದರೆ ಅಂಗಳದ ಮಣ್ಣು ಇದ್ದೇ ಇದೆ.

ಒಂದು ಎಚ್ಚರಿಕೆ ಅಗತ್ಯ. ಚುಕ್ಕಿ ಚುಕ್ಕಿಯ ಅಕ್ಷರಗಳನ್ನು ಅಚ್ಚುಹಾಕಿದ ಪುಸ್ತಕಗಳನ್ನು ತಂದುಕೊಟ್ಟು, ಪುಟಗಟ್ಟಲೆ ತಿದ್ದಿಸಿ, ಕೆಲಸ ಮುಗಿಯಿತೆಂದು ತಂದೆತಾಯಿಗಳು ನಿಶ್ಚಿಂತರಾಗುತ್ತಾರೆ. ಹತ್ತನೆಯ ಸಾಲಿಗೆ ಬರುವ ವೇಳೆಗೆ ಮಗುವಿನ ಕೈ ಮಾತ್ರ ನಡೆಯುತ್ತಿರುತ್ತದೆ. ಮನಸ್ಸು ಬೀದಿಯ ಆಟದಲ್ಲಿರುತ್ತದೆ. ಮೂರು ಸಲ ತಿದ್ದಿ, ಒಂದು ಸಲ ನೋಡದೆ ಬರೆಯುವುದು ಮೂವತ್ತು ಸಲ ತಿದ್ದುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಮೊಬೈಲಿನ ಗಾಜಿನ ಮೇಲೆ ಅಕ್ಷರ ಮುಟ್ಟಿಸುವ ಆಟಗಳೂ ಈಗ ಹೇರಳವಾಗಿವೆ. ಫ್ರಾನ್ಸಿನ ಸಂಶೋಧಕಿ ಮರೀಕ್ ಲಾಂಕಾಂ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂರರಿಂದ ಐದು ವರ್ಷದ ಮಕ್ಕಳ ಪೈಕಿ ಕೈಯಿಂದ ಬರೆದು ಕಲಿತ ದೊಡ್ಡ ಮಕ್ಕಳು, ಕೀಲಿಮಣೆ ಒತ್ತಿ ಕಲಿತವರಿಗಿಂತ ಚೆನ್ನಾಗಿ ಅಕ್ಷರಗಳನ್ನು ಗುರುತಿಸಿದರು. ಒತ್ತುವುದಕ್ಕೂ ಬರೆಯುವುದಕ್ಕೂ ವ್ಯತ್ಯಾಸವಿದೆಯೆಂದಾಯಿತು. ಬೆರಳು ಅಕ್ಷರದ ದಾರಿಯನ್ನು ನಡೆದು ನೋಡಬೇಕು.

ಯಾವ ಅಕ್ಷರ ಮೊದಲು?

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು: 13 ಸ್ವರ, 2 ಯೋಗವಾಹ, 34 ವ್ಯಂಜನ. ಕಂಠದಿಂದ ತುಟಿಯವರೆಗೆ ಉಲಿ ಹುಟ್ಟುವ ಸ್ಥಾನವನ್ನು ಅನುಸರಿಸಿ ಕ, ಚ, ಟ, ತ, ಪ ವರ್ಗಗಳನ್ನು ಜೋಡಿಸಿದ ಹಿರಿಯರ ಜಾಣ್ಮೆಗೆ ತಲೆಬಾಗಲೇಬೇಕು. ಆದರೆ ಅದು ನಾಲಗೆಯ ಕ್ರಮ, ಬೆರಳಿನ ಕ್ರಮವಲ್ಲ. ಅಕಾರದಷ್ಟು ಸುತ್ತುಬಳಸಿನ ಅಕ್ಷರವನ್ನು ನೇರ ಗೆರೆಯನ್ನೂ ಎಳೆಯಲಾರದ ಕೈಗೆ ಮೊದಲ ದಿನವೇ ಕೊಡುವುದು ಎಷ್ಟರಮಟ್ಟಿನ ದಯೆ?

ಗಡಿಯಾಚೆ ಮರಾಠಿ ಶಾಲೆಗಳಲ್ಲಿ 'ಗ, ಮ, ಭ, ನ' ಎಂಬ ಕ್ರಮ ಬಹುಕಾಲದಿಂದ ಪ್ರಸಿದ್ಧ. ಆಕಾರದಲ್ಲಿ ಹತ್ತಿರವಿರುವ ಅಕ್ಷರಗಳನ್ನು ಒಟ್ಟಿಗೆ ಕಲಿಸುವುದು ಅದರ ಗುಟ್ಟು. ನಮ್ಮ ಶಾಲೆಗಳಲ್ಲಿಯೂ 'ರ, ಗ, ಸ, ದ, ಅ' ಎಂದು ಆರಂಭಿಸುವ ಕ್ರಮ ಈಗ ಬಳಕೆಯಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾಗಿ ಬಳಿಕ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿಯ ತರಗತಿಗಳಲ್ಲಿ ಇದನ್ನು ಕಾಣಬಹುದು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂಬ ಇಡೀ ಪದಗಳನ್ನು ಓದಬಲ್ಲುದು. ನಲವತ್ತೊಂಬತ್ತನ್ನೂ ಬಾಯಿಪಾಠ ಮಾಡಿ ಒಂದು ಪದವನ್ನೂ ಓದಲಾರದಿರುವುದಕ್ಕಿಂತ ಇದು ಎಷ್ಟೋ ಮೇಲಲ್ಲವೆ? ವರ್ಣಮಾಲೆಯನ್ನು ಹಾಡಿನಂತೆ ಬೇರೆಯಾಗಿ ಕಲಿಯಲಿ. ನಿಘಂಟು ನೋಡುವ ಕಾಲಕ್ಕೆ ಅದು ಬೇಕಾಗುತ್ತದೆ. ಅಜ್ಜಂದಿರು 'ರ-ಗ-ಸ ಎಂಬುದೂ ಒಂದು ವಿದ್ಯೆಯೇ?' ಎಂದು ಹುಬ್ಬೇರಿಸಿದರೆ ಈ ಸಮಾಧಾನ ಹೇಳಬಹುದು.

ಆಕಾರದ ನೆಂಟಸ್ತಿಕೆಯನ್ನು ಮಕ್ಕಳಿಗೆ ಕಥೆಯಂತೆ ತೋರಿಸಬಹುದು. ರಕಾರದ ಹೊಟ್ಟೆಯಲ್ಲಿ ಚುಕ್ಕೆಯಿಟ್ಟರೆ ಠ. ದಕಾರದ ಹೊಟ್ಟೆ ಸೀಳಿದರೆ ಧ. ಡ, ಪ, ಚಗಳ ಹೊಟ್ಟೆ ಸೀಳಿದರೆ ಢ, ಫ, ಛ. ಹೊಟ್ಟೆ ಸೀಳಿದಾಗ ಉಸಿರು ಹೊರಬರುವುದು ಸಹಜ ತಾನೆ? ಮಹಾಪ್ರಾಣದ ಮರ್ಮ ಅಲ್ಲಿಯೇ ತಿಳಿಯಿತು. ಬಕಾರಕ್ಕೆ ತಲೆಕಟ್ಟಿಲ್ಲ ಎಂಬುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಗಮನಿಸುತ್ತಾರೆ. ಮರಾಠಿ ಬಲ್ಲ ಮಗು ಕನ್ನಡ ಅಕ್ಷರಗಳ ಮೇಲೆಯೂ ಅಡ್ಡಗೆರೆ ಎಳೆದರೆ ಗದರಬಾರದು. ಅದು ಅಲ್ಲಿ ಕಲಿತ ಶಿಸ್ತನ್ನು ಇಲ್ಲಿಗೆ ತಂದಿದೆ. 'ನಮ್ಮ ಅಕ್ಷರಗಳು ಹಗ್ಗಕ್ಕೆ ಜೋತುಬೀಳುವುದಿಲ್ಲ, ಒಂದೊಂದೂ ತನ್ನ ರುಮಾಲನ್ನು ತಾನೇ ಸುತ್ತಿಕೊಂಡಿದೆ' ಎಂದರೆ ನಕ್ಕು ಸರಿಪಡಿಸಿಕೊಳ್ಳುತ್ತದೆ.

ಕೊಂಬು, ಗುಡಿಸು, ಒತ್ತು

ಅಕ್ಷರಮಾಲೆ ಮುಗಿಯಿತೆಂದರೆ ಕೆಲಸ ಮುಗಿಯಿತೆಂದು ಎಷ್ಟೋ ತಂದೆತಾಯಿಗಳು ಭಾವಿಸುತ್ತಾರೆ. ನಿಜವಾದ ಏರು ಅಲ್ಲಿಂದ ಮೊದಲು. 34 ವ್ಯಂಜನಗಳಿಗೆ ಒಂದೊಂದಕ್ಕೂ ಕಾಗುಣಿತದ 15 ರೂಪಗಳೆಂದರೆ ಒಟ್ಟು 510 ಆಕಾರಗಳಾದವು. ಒತ್ತಕ್ಷರಗಳು ಇನ್ನೂ ಬೇರೆ. ಕನ್ನಡ ಮಕ್ಕಳ ಓದನ್ನು ಬಹುಕಾಲ ಅಭ್ಯಸಿಸಿರುವ ವಿದ್ವಾಂಸೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಈ ಆಕಾರಗಳೆಲ್ಲ ಕೈಗೂಡಲು ಮೊದಲ ಒಂದೆರಡು ತರಗತಿಗಳು ಸಾಲವು, ಅದರಾಚೆಗೂ ಕಲಿಕೆ ನಡೆದೇ ಇರುತ್ತದೆ ಎಂದು ತೋರಿಸಿದ್ದಾರೆ. ನೆರೆಮನೆಯ ಮಗು ಒಂದನೆಯ ತರಗತಿಯಲ್ಲಿ ಇಂಗ್ಲಿಷಿನ 26 ಅಕ್ಷರ ಮುಗಿಸಿತು, ನಮ್ಮದು ಎರಡನೆಯದರಲ್ಲಿಯೂ ಕೊಂಬು ತಪ್ಪುತ್ತಿದೆ ಎಂದು ಕಂಗೆಡುವ ತಾಯಂದಿರು ಈ ಲೆಕ್ಕವನ್ನು ನೆನಪಿನಲ್ಲಿಡಬೇಕು. ಹೊರೆ ಒಂದೇ ತೂಕದ್ದಲ್ಲ.

'ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಐತ್ವ' ಎಂದು ರಾಗವಾಗಿ ಹೇಳಿಸುತ್ತಿದ್ದ ಹಳೆಯ ಪದ್ಧತಿಯನ್ನು ನಗೆಯಾಡಬಾರದು. ಗುರುತಿಗೆ ಹೆಸರಿದ್ದರೆ ಮಗು ಅದನ್ನು ಹಿಡಿಯುತ್ತದೆ. ಆದರೆ ಹೆಸರಿನ ಸಂಗಡ ಕಾರಣವನ್ನೂ ಹೇಳಿದರೆ ಇನ್ನೂ ಚೆನ್ನ. ವಕಾರದ ಮಗ್ಗುಲಿಗೆ ಕೊಂಬು ಕೊಟ್ಟರೆ ಅದು ಮಕಾರವಾಗಿ ಕಂಡೀತು. ಆದುದರಿಂದಲೇ ವು, ಪುಗಳಿಗೆ ಕೊಂಬು ಕೆಳಗಿಳಿಯಿತು. 'ಸೂರ್ಯ' ಎಂಬಲ್ಲಿ ರೇಫ ಕಿವಿಗೆ ಮೊದಲು, ಕಣ್ಣಿಗೆ ಕೊನೆಗೆ. ಈ ಅರ್ಕಾವೊತ್ತಿನ ಮುಂದೆ ಮಗು ತಡವರಿಸಿದರೆ ಅದರ ಬುದ್ಧಿಗೆ ಕುಂದೇನೂ ಇಲ್ಲ. ಕಿವಿಯನ್ನು ನಂಬಿದ್ದರಿಂದಲೇ ಅದು ತಡವರಿಸಿದ್ದು.

ಇಲ್ಲಿ ನಮ್ಮ ಪಾಠಕ್ರಮದ ಒಂದು ವಿಚಿತ್ರವನ್ನು ಹೇಳದಿರಲಾರೆ. ಒತ್ತಕ್ಷರ ಕಠಿಣವೆಂದು ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೇವೆ. ಆದರೆ ಮಗುವಿಗೆ ಅತ್ಯಂತ ಪ್ರಿಯವಾದ ಮಾತುಗಳು ಯಾವುವು? ಅಮ್ಮ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜಿ, ರೊಟ್ಟಿ, ಬೆಲ್ಲ, ಎಮ್ಮೆ. ಇವುಗಳಲ್ಲಿ ಒತ್ತಿಲ್ಲದ ಪದ ಒಂದಾದರೂ ಇದೆಯೆ? ಗರಗಸವನ್ನು ಓದಬಲ್ಲ ಮಗುವಿಗೆ ಅಮ್ಮನನ್ನು ಓದಲು ವರ್ಷಗಟ್ಟಲೆ ಕಾಯಬೇಕಾಗಿದೆ! ಈ ಕೆಲವು ಪದಗಳನ್ನು ಬಿಡಿಸಿ ಕಲಿಸುವ ಗೊಡವೆಗೆ ಹೋಗದೆ, ಇಡೀ ಪದವನ್ನೇ ಚಿತ್ರದಂತೆ ಬರೆದು ಬಾಗಿಲಿಗೋ ರೊಟ್ಟಿಯ ಡಬ್ಬಿಗೋ ಅಂಟಿಸಿಬಿಡಬೇಕು. ಮಗುವಿನ ಹೆಸರನ್ನೂ ಹಾಗೆಯೇ ಅದರ ಪೆಟ್ಟಿಗೆಯ ಮೇಲೆ ಬರೆಯಬೇಕು. ಕಣ್ಣು ಅವುಗಳನ್ನು ದಿನವೂ ಕಂಡಿದ್ದರೆ, ಒತ್ತಿನ ಪಾಠ ಬಂದ ದಿನ 'ಇದು ನನಗೆ ಗೊತ್ತು' ಎಂದು ಮಗುವೇ ಮುಂದೆ ಬರುತ್ತದೆ.

ಕೈಯ ಮಾತು

ಔರಾದ, ಭಾಲ್ಕಿಗಳಿಂದ ಎಷ್ಟೋ ಕುಟುಂಬಗಳು ಮಕ್ಕಳ ಅಕ್ಷರಾಭ್ಯಾಸಕ್ಕೆಂದು ಗೋದಾವರಿಯ ದಡದ ಬಾಸರಕ್ಕೆ ಹೋಗುತ್ತವೆ. ಅಲ್ಲಿನ ಸರಸ್ವತಿಯ ಸನ್ನಿಧಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರೆಯಿಸುವುದು ನಿಜಕ್ಕೂ ಕಣ್ತುಂಬುವ ನೋಟ. ಬಂದ ಮರುದಿನವೇ ಆ ಎರಡೂವರೆ ಮೂರು ವರ್ಷದ ಕೈಗೆ ಪೆನ್ಸಿಲು ತುರುಕಿ ಸಾಲುಗಟ್ಟಿ ಬರೆಯಿಸತೊಡಗಿದರೆ ಮಾತ್ರ ಸಂಕಟ. ಆ ವಯಸ್ಸಿನ ಮಣಿಕಟ್ಟು ಇನ್ನೂ ಎಳೆಯದು. ಕಣಕ ನಾದುವುದು, ಕಾಳು ಆರಿಸುವುದು, ಮಣಿ ಪೋಣಿಸುವುದು, ಗೋಡೆಯ ಮೇಲೆ ನೀರಿನಿಂದ ದೊಡ್ಡ ದೊಡ್ಡ ಸುತ್ತುಗಳನ್ನು ಬರೆಯುವುದು ಇವೇ ಅದರ ಬರವಣಿಗೆ. ನಮ್ಮ ಅಕ್ಷರಗಳೆಲ್ಲ ಸುತ್ತುಗಳೇ ಆದುದರಿಂದ ಈ ಆಟ ವ್ಯರ್ಥವಾಗದು.

ಐದರ ಸುಮಾರಿಗೆ ಬಳಪ ಕೊಡುವಾಗ ಉದ್ದನೆಯದನ್ನು ಕೊಡದೆ, ಮುರಿದ ಗಿಡ್ಡ ತುಂಡನ್ನು ಕೊಡಿ. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗುವುದಿಲ್ಲ. ಮೂರು ಬೆರಳುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಬರುತ್ತವೆ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸುವ ಹಠ ಬೇಡ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆದರೆ ಗಾಬರಿಗೊಳ್ಳಬೇಕಾಗಿಲ್ಲ; ಆರು ಏಳು ವರ್ಷಗಳವರೆಗೂ ಇದು ಸಾಧಾರಣ. ಮನೆಯಲ್ಲಿ ಉರ್ದು ಬರಹವನ್ನೂ ಕಾಣುವ ಮಗುವಾದರೆ ಎಡ ಯಾವುದು, ಬಲ ಯಾವುದು ಎಂಬುದಕ್ಕೆ ಪಾಟಿಯ ಎಡಮೂಲೆಯಲ್ಲಿ ಒಂದು ಹೂವನ್ನು ಬರೆದು, 'ಹೂವಿನಿಂದ ಹೊರಡು' ಎಂದರೆ ಸಾಕು. ಎಂಟರ ಮೇಲೂ ತಿರುವು ಉಳಿದು, ಕೇಳಿದ ಸದ್ದಿಗೂ ಕಂಡ ಅಕ್ಷರಕ್ಕೂ ಸಂಬಂಧ ಕೂಡದೆ ಮಗು ಒದ್ದಾಡುತ್ತಿದ್ದರೆ, ಮೊದಲು ಕಣ್ಣು ಕಿವಿಗಳನ್ನು ಪರೀಕ್ಷೆ ಮಾಡಿಸಿ, ಬಳಿಕ ತಿಳಿದವರ ಸಲಹೆ ಪಡೆಯುವುದು ಒಳ್ಳೆಯದು. ಬೈಗುಳದಿಂದ ಆ ತೊಡಕು ಬಿಡದು.

ದಿನಕ್ಕೆ ಎಷ್ಟು ಹೊತ್ತು ಎಂದು ಕೇಳುವವರುಂಟು. ರೊಟ್ಟಿಯ ಹೆಂಚು ಕಾಯುವಷ್ಟು ಹೊತ್ತು ಸಾಕು. ವಾರಕ್ಕೆ ಎರಡು ಹೊಸ ಅಕ್ಷರ, ಉಳಿದ ದಿನಗಳಲ್ಲಿ ಹಳೆಯವುಗಳ ಜೋಡಣೆ. ಕನ್ನಡ ಓದು ಬಾರದ ಅಜ್ಜನೊಬ್ಬ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು; ಅಂದಂದಿನ ಅಕ್ಷರವನ್ನು ಸಂಜೆ ಅವನಿಗೆ ಕಲಿಸುವ ಕೆಲಸವನ್ನು ಮಗುವಿಗೆ ಒಪ್ಪಿಸಿಬಿಡಿ.